ಮೂರು ಟನ್ನಿನ ಸೇತುವೆ

ಆ ಗುಡ್ಡಗಾಡಿನ ರೂಢಿಯಂತೆ ಸತ್ತವರ ಬಟ್ಟೆಯನ್ನು ಐದನೆಯ ದಿನ ಹೊಳೆಯಲ್ಲಿ ಒಗೆಯಬೇಕು. ಸತುರ್ನಿನಾ ತಂಗಿ ಇಲಾರಿಯಾಳ ಜೊತೆ ಅಪ್ಪ ಹೊದೆಯುತ್ತಿದ್ದ ದಪ್ಪ ಉಣ್ಣೆಯ ಪೊಂಚೋ ನೆನೆಸಿ ಕೂತಿದ್ದಳು. ತಲೆಯ ಮೇಲೇ ತಾತ್ಕಾಲಿಕ ಸೇತುವೆ. ಅದನ್ನು ಲೆಕ್ಕ ಹಾಕಿ ಕಟ್ಟಿಸಿದ ಎಂಜಿನಿಯರು ಸತುರ್ನಿನಾಳೇ.

ಹಳೆಯ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋದಾಗ ರಾಜಧಾನಿ ಲಿಮಾದಿಂದ ಉಕ್ಕಿನ ಚೌಕಟ್ಟುಗಳು ಬಂದವು, ಇಪ್ಪತ್ತನಾಲ್ಕು ಮೀಟರಿಗೆ ಎರಡೆರಡು ಸಾಲು ಜೋಡಿಸುವಷ್ಟು. ಅಷ್ಟರಲ್ಲಿ ಹೊಳೆ ದಂಡೆ ತಿಂದು ಮೂವತ್ತಾರು ಮೀಟರು ಅಗಲವಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಇಲ್ಲಿ ಹೊಳೆಯೇ ಕಾಲು ಚಾಚಿತ್ತು, ಹಾಸಿಗೆ ಎಳೆದಾಡಬೇಕಾದವಳು ಇವಳು. ಎರಡು ಸಾಲಿನ ಬದಲು ಒಂದೇ ಸಾಲು ಹಾಕಿ, ಬಲ ಕಡಿಮೆಯಾದ್ದರಿಂದ ಫಲಕ ಬರೆಸಿದಳು: ಮೂರು ಟನ್ನಿಗಿಂತ ಹೆಚ್ಚು ಭಾರ ಬೇಡ.

ಅಪ್ಪನಿಗೆ ಎದೆನೋವು ಬಂದ ದಿನ ಆಂಬುಲೆನ್ಸ್ ಈಚೆ ದಡಕ್ಕೆ ಬಂದು ನಿಂತಿತು. ಅದರ ತೂಕ ಮೂರೂವರೆ ಟನ್. ಆಚೆ ಗುಡ್ಡದ ಮನೆಯಿಂದ ಇಲಾರಿಯಾ ಫೋನಿನಲ್ಲಿ ಕಿರುಚಿದಳು.

"ಅಕ್ಕಾ, ಗಾಡಿ ಬಿಡೇ! ಅರ್ಧ ಟನ್ನಿಗೆ ಏನಾಗತ್ತೆ?"

"ಬಿಡಕ್ಕಾಗಲ್ಲ ಕಣೇ. ಅಪ್ಪನ್ನ ಹೊತ್ಕೊಂಡು ಬನ್ನಿ."

ಕುರ್ಚಿಗೆ ಕಟ್ಟಿ, ಎರಡು ಮೈಲಿ ಇಳಿಜಾರಿನಲ್ಲಿ ಹೊತ್ತು ತಂದರು. ಸೇತುವೆಯ ನಟ್ಟನಡುವೆ ಅಪ್ಪನ ಕೈ ಜೋತುಬಿತ್ತು. ಈಚೆ ತುದಿಯಲ್ಲಿ ಆಂಬುಲೆನ್ಸಿನ ಪಕ್ಕ ನಿಂತಿದ್ದ ಸತುರ್ನಿನಾ ಅದನ್ನು ಕಣ್ಣಾರೆ ನೋಡಿದಳು.

ಈಗ ತಂಗಿ ಪೊಂಚೋ ಕುಕ್ಕುವುದನ್ನು ನಿಲ್ಲಿಸಿದಳು.

"ನಿಜ ಹೇಳು. ಆವತ್ತು ಗಾಡಿ ಬಂದಿದ್ರೆ ಸೇತುವೆ ತಡೀತಿತ್ತಾ?"

ಸುಳ್ಳು ಹೇಳಿದ್ದರೆ ಇಬ್ಬರಿಗೂ ಹಗುರಾಗುತ್ತಿತ್ತು. ಸುಳ್ಳು ನಾಲಿಗೆಯ ತುದಿಗೂ ಬಂದಿತ್ತು.

"ತಡೀತಿತ್ತು," ಎಂದಳು ಸತುರ್ನಿನಾ. "ಹತ್ತು ಸಲ ಬೇಕಾದ್ರೂ ತಡೀತಿತ್ತೇನೋ. ಆದ್ರೆ ದಂಡೆ ಅಡಿಗೆ ಮಣ್ಣು ಎಷ್ಟು ಉಳಿದಿದೆ ಅಂತ ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ಇರೋದಕ್ಕೆ ಅಂತಾನೇ ಆ ಅರ್ಧ ಟನ್ ಮಿಗಿಸಿಟ್ಟಿದ್ದೆ."

ಇಲಾರಿಯಾ ಬಿಕ್ಕಿ ಬಿಕ್ಕಿ ಅತ್ತಳು. ಸತುರ್ನಿನಾಳಿಗೆ ಅವಳ ಬೆನ್ನು ಮುಟ್ಟುವ ಧೈರ್ಯ ಬರಲಿಲ್ಲ.

ಮೇಲೆ ಹಾರ್ನ್ ಕೇಳಿಸಿತು. ಆಲೂಗಡ್ಡೆ ಹೇರಿದ ಪುಟ್ಟ ಲಾರಿಯೊಂದು ಸೇತುವೆಗೆ ಮೂತಿ ಇಟ್ಟಿತ್ತು. ಇಲಾರಿಯಾ ಒದ್ದೆ ಕೈಯಲ್ಲೇ ದಡ ಹತ್ತಿ ಅದರ ಮುಂದೆ ಹೋಗಿ ನಿಂತಳು.

"ತಡ್ಕೊಳತ್ತೆ ಬಿಡಮ್ಮಾ! ಈ ಎಂಜಿನಿಯರುಗಳೆಲ್ಲ ಪುಕ್ಕಲರು," ಎಂದು ಚಾಲಕ ನಕ್ಕ.

"ನಮ್ಮಪ್ಪ ಸಾಯ್ತಾ ಸಾಯ್ತಾ ಹೆಗಲ ಮೇಲೆ ಬಂದ ಕಣೋ. ನಿನ್ನ ಆಲೂಗಡ್ಡೆಗೆ ಏನು ಬಂದಿದೆ ದೊಡ್ಡರೋಗ? ಇಳ್ಸು ಮೂಟೆ!"

ಕೊನೆಯ ಮೂಟೆ ಇಳಿಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಆಮೇಲೆ ಕೆಳಗಿಳಿದು ಬಂದಳು. ನೆನೆದ ಪೊಂಚೋ ಹಿಂಡಲು ಇಬ್ಬರು ಬೇಕು. ಇಲಾರಿಯಾ ಒಂದು ತುದಿ ಹಿಡಿದಳು. ಅಕ್ಕನ ಮುಖ ಮಾತ್ರ ನೋಡಲಿಲ್ಲ.