‘ಇಟ್ಕೋ’ ಅಂದದ್ದಕ್ಕೆ

ಆ ಬೀದಿಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದವಳನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಹಗಲೆಲ್ಲ ಕತ್ತರಿ, ಸಂಜೆಯಾದರೆ ಅಕಾರ್ಡಿಯನ್. ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದ ಸೋದರಮಾವ ಯಾವುದೋ ದೂರದ ಬಂದರಿನಿಂದ ಹೊತ್ತು ತಂದ ಕೆಂಪು ವಾದ್ಯ ಅದು. ಮಕ್ಕಳಿಲ್ಲದ ಆತ ಕೊನೆಗಾಲದಲ್ಲಿ ಅದನ್ನು ಇವಳ ತೊಡೆಯ ಮೇಲಿಟ್ಟು, ಪಟ್ಟಿಯನ್ನು ತಾನೇ ಇವಳ ಹೆಗಲಿಗೆ ಏರಿಸಿದ್ದ. ಮದುವೆಗಳಲ್ಲಿ ನುಡಿಸುವ ಸಣ್ಣದೊಂದು ಬ್ಯಾಂಡಿಗೆ ಅವಳೂ ಅವಳ ಅಕಾರ್ಡಿಯನ್ನೂ ಜೀವವಾಗಿದ್ದರು.

ಅದೇ ಬ್ಯಾಂಡಿನಲ್ಲಿ ತುತ್ತೂರಿ ಊದುವವನಿಗೆ ತುತ್ತೂರಿ ಎಂದೇ ಹೆಸರು ಬಿದ್ದಿತ್ತು. ಬಾಯಿ ತುಂಬ ‘ಅಕ್ಕ’ ಅನ್ನುವವನು, ಅವಳಿಂದಲೇ ಅಕಾರ್ಡಿಯನ್ ಅಷ್ಟಿಷ್ಟು ಕಲಿತವನು. ಅವಳ ಮನೆಯ ಬಾಗಿಲು ತಟ್ಟದೆ ಒಳಗೆ ಬರುವವನು, ಬಂದವನೇ ನೆಟ್ಟಗೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡುವವನು.

ಒಂದು ದಿನ ಕತ್ತರಿಯಕ್ಕ ಅಂಗಡಿಯಲ್ಲಿ ಚೆಲ್ಲಿದ್ದ ಶಾಂಪೂ ಮೇಲೆ ಕಾಲಿಟ್ಟು ಜಾರಿಬಿದ್ದಳು. ಬಲ ಮಣಿಕಟ್ಟು ಮುರಿದು ಮೊಣಕೈವರೆಗೆ ಪ್ಲಾಸ್ಟರ್ ಬಂತು. ನೋಡಲು ಬಂದ ತುತ್ತೂರಿ ಕೈಗಿಂತ ಹೆಚ್ಚಾಗಿ ಮೂಲೆಯಲ್ಲಿದ್ದ ಅಕಾರ್ಡಿಯನ್ ಪೆಟ್ಟಿಗೆಯನ್ನೇ ನೋಡಿದ. ನುಡಿಸದೆ ಇಟ್ಟರೆ ಗಾಳಿಯೊತ್ತುವ ತಿದಿಗೆ ಬೂಸ್ಟು ಹಿಡಿಯುತ್ತದೆ, ತಾನು ಆಗಾಗ ಗಾಳಿಯಾಡಿಸುತ್ತೇನೆ ಎಂದ. ನೋವಿನ ಮಾತ್ರೆಯ ಮಂಪರಿನಲ್ಲಿದ್ದ ಅವಳು, “ಇಟ್ಕೋ ಬಿಡಪ್ಪ, ಅತ್ಲಾಗೆ” ಎಂದಳು. ಅವನು ಆಗಲೇ ಪೆಟ್ಟಿಗೆ ಹೊತ್ತುಕೊಂಡು ಹೋದ.

ಪ್ಲಾಸ್ಟರ್ ಬಿಚ್ಚುವ ಕಾಲ ಹತ್ತಿರವಾದಾಗ ಅವಳು ಅಕಾರ್ಡಿಯನ್ ಕೇಳತೊಡಗಿದಳು. ತುತ್ತೂರಿ ಒಂದು ಸಲ ಪೆಟ್ಟಿಗೆಯ ಬೀಗದ ಕೈ ಸಿಗುತ್ತಿಲ್ಲ ಅಂದ. ಇನ್ನೊಂದು ಸಲ ಮನೆಗೆ ಬಣ್ಣ ಹೊಡೆಯುತ್ತಿದ್ದಾರೆ, ಸಾಮಾನಿನ ರಾಶಿಯ ಕೆಳಗೆ ಸಿಕ್ಕಿಕೊಂಡಿದೆ ಅಂದ. ‘ನಿಮ್ಮ ಅಕಾರ್ಡಿಯನ್ ಎಲ್ಲಿ ಹೋಗುತ್ತಕ್ಕ, ನಾಳೆ ತಂದ್ಕೊಡ್ತೀನಿ’ ಎಂದು ಪ್ರತಿಸಲ ಮಾತು ಮುಗಿಸುತ್ತಿದ್ದ. ಆ ಕಾಗಕ್ಕ ಗುಬ್ಬಕ್ಕನ ಕತೆಗಳನ್ನು ಅವಳೊಬ್ಬಳೇ ಕೇಳಲಿಲ್ಲ. ಕೈ ಕೆಲಸಕ್ಕೆ ಬಾರದೆ ಫೋನನ್ನು ಕನ್ನಡಿಯ ಮುಂದಿಟ್ಟು ಸ್ಪೀಕರಿನಲ್ಲಿ ಮಾತಾಡುತ್ತಿದ್ದಳಾದ್ದರಿಂದ ಅಂಗಡಿಗೆ ಅಂಗಡಿಯೇ ಕೇಳಿತು.

ಇಷ್ಟಾದರೂ ಅವಳಿಗೆ ಅನುಮಾನ ಹುಟ್ಟಿರಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ಮದುವೆಗೆ ಹೆಣ್ಣಿನ ತಲೆ ಬಾಚಲು ಹೋದಾಗ, ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡು ನಿಂತವಳಿಗೆ ಹೊರಗಿನಿಂದ ಸ್ವರ ಕೇಳಿತು. ಮೇಲಿನ ಒಂದು ಸ್ವರ ಒತ್ತಿದರೆ ತುಸು ತಡವಾಗಿ ಬಿಡುವ ಕೆಟ್ಟ ಚಾಳಿ ಅವಳ ಅಕಾರ್ಡಿಯನ್ನಿಗಲ್ಲದೆ ಇನ್ನಾವುದಕ್ಕೂ ಇರಲಿಲ್ಲ. ಕಿಟಕಿಯಿಂದ ಇಣುಕಿದಳು. ವೇದಿಕೆಯ ಮೇಲೆ ತುತ್ತೂರಿ ಕಣ್ಣುಮುಚ್ಚಿ, ಅವಳ ಕೆಂಪು ವಾದ್ಯವನ್ನು ಎದೆಗವಚಿಕೊಂಡು ನುಡಿಸುತ್ತಿದ್ದ.

ಕೆಳಗಿಳಿದವನನ್ನು ಅಡ್ಡಗಟ್ಟಿ ಕೇಳಿದಳು. ಅವನು ಅವಳ ಮುಖ ನೋಡದೆ, “ನೀವೇ ಇಟ್ಕೋ ಅಂದ್ರಲ್ಲಕ್ಕ, ಕೊಟ್ಟ ಮೇಲೆ ವಾಪಸ್ ಕೇಳ್ತಾರಾ” ಎಂದು ಹೇಳಿ ವ್ಯಾನು ಹತ್ತಿದ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪೊಲೀಸ್ ಠಾಣೆಗೆ ಹೋದರೆ, ‘ಅವರೇನು ಕದ್ದಿಲ್ಲವಲ್ಲಮ್ಮ, ನೀವೇ ಕೊಟ್ಟಿದ್ದು’ ಎಂದು ಕುರ್ಚಿ ಕೂಡ ತೋರಿಸದೆ ಕಳಿಸಿದರು. ಮನೆಯಲ್ಲಿ ಯಜಮಾನರು, ಹೋಗಲಿ ಬಿಡು, ಸಂಜೆ ಹೊತ್ತು ವಾರ್ತೆಯಾದರೂ ನೆಟ್ಟಗೆ ಕೇಳಿಸುತ್ತೆ ಎಂದರು. ಆ ರಾತ್ರಿ ಅವರು ತಮ್ಮ ತಟ್ಟೆಗೆ ತಾವೇ ಬಡಿಸಿಕೊಳ್ಳಬೇಕಾಯಿತು.

ಕೊನೆಗೆ ನೆರವಾದದ್ದು ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದಿದ್ದ ವಕೀಲೆ. ಬಣ್ಣ ಹಿಡಿಯುವತನಕ ಅಲ್ಲಾಡುವಂತಿಲ್ಲ, ಕತ್ತರಿಯಕ್ಕನ ಗೋಳು ಕೇಳದೆ ಗತಿಯಿಲ್ಲ. ಕೇಳುತ್ತ ಕೇಳುತ್ತ ಆಕೆಗೇ ಹುರುಪು ಬಂತು. ನಂಬಿ ಕೊಟ್ಟ ವಸ್ತುವನ್ನು ನನ್ನದೇ ಎಂದು ನುಂಗಿಹಾಕುವುದೂ ಅಪರಾಧವೇ, ಪೊಲೀಸರು ಕೇಳದಿದ್ದರೆ ನ್ಯಾಯಾಧೀಶರ ಮುಂದೆ ನೇರ ದೂರು ಕೊಡಬಹುದು ಎಂದಳು. ಆದರೆ ಆಗ ಅಕಾರ್ಡಿಯನ್ ಸಾಕ್ಷ್ಯವಾಗಿ ಠಾಣೆಯ ಗೋದಾಮು ಸೇರುತ್ತದೆ, ತಿದಿ ಇಲಿಗಳ ಪಾಲಾಗುತ್ತದೆ.

“ನಿಮಗೆ ಅವನು ಜೈಲಿಗೆ ಹೋಗ್ಬೇಕಾ, ಅಕಾರ್ಡಿಯನ್ ಮನೆಗೆ ಬರ್ಬೇಕಾ? ಮೊದಲು ಅದನ್ನ ಹೇಳಿ.”

ಕತ್ತರಿಯಕ್ಕ ಬ್ರಷ್ಷನ್ನು ಬಣ್ಣದ ಬಟ್ಟಲಿನಲ್ಲಿಟ್ಟಳು. ಎರಡೂ ಆದರೆ ಚೆನ್ನಾಗಿತ್ತು ಅನ್ನಿಸಿತು. “ಮನೆಗೆ ಬರ್ಲಿ” ಎಂದಳು.

ಹಾಗಾದರೆ ಸಿವಿಲ್ ದಾವೆ. ಮೊದಲು ನೋಟೀಸು. ಅದಕ್ಕೆ ಬಗ್ಗದಿದ್ದರೆ, ಮಾವನ ನೆನಪಿನ ವಸ್ತುವಿಗೆ ಬದಲಿ ಇಲ್ಲ, ಬೆಲೆ ಬೇಡ, ಅದೇ ಬೇಕು ಎಂದು ಕೋರ್ಟಿಗೆ ಕೇಳಿಕೆ. ತೀರ್ಪು ಬರುವತನಕ ಮಾರಬಾರದು, ಯಾರಿಗೂ ದಾಟಿಸಬಾರದು ಎಂದು ತಡೆಯಾಜ್ಞೆ. ವಕೀಲೆ ಇದೆಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಬಣ್ಣ ಒಂದು ಛಾಯೆ ಹೆಚ್ಚೇ ಹಿಡಿದಿತ್ತು.

ನೋಟೀಸಿಗೆ ತುತ್ತೂರಿಯ ಉತ್ತರ ಬಂತು: ಅದು ದಾನ. ದಾವೆ ಹೂಡಿದರು, ತಡೆಯಾಜ್ಞೆ ಸಿಕ್ಕಿತು, ವಿಚಾರಣೆಯ ದಿನವೂ ಬಂತು. ಕಟಕಟೆ ಹತ್ತಿದ ಕತ್ತರಿಯಕ್ಕನನ್ನು ಎದುರು ಪಕ್ಷದ ವಕೀಲ, ‘ಇಟ್ಕೋ’ ಅಂದದ್ದು ನಿಜವೋ ಸುಳ್ಳೋ ಎಂದು ಕೇಳಿದ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ನಿಜ ಎಂದಳು. ಆತ ಗೆದ್ದವನಂತೆ ಕೂತ. ಅವಳಿಗೆ ಅಕಾರ್ಡಿಯನ್ ಕೈಬಿಟ್ಟಂತೆಯೇ ಅನ್ನಿಸಿ ಕಣ್ಣು ತುಂಬಿತು.

ಆದರೆ ಅವಳ ವಕೀಲೆ ಅಂಗಡಿಯ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕರೆದಳು. ಬೀಗದ ಕೈಯ ಕತೆ ಒಬ್ಬಳು ಹೇಳಿದಳು, ಬಣ್ಣದ ಕತೆ ಇನ್ನೊಬ್ಬಳು. ಮೂರನೆಯವಳು ತುತ್ತೂರಿಯ ದನಿಯನ್ನೇ ಅನುಕರಿಸಿ ‘ನಿಮ್ಮ ಅಕಾರ್ಡಿಯನ್ ಎಲ್ಲಿ ಹೋಗುತ್ತಕ್ಕ’ ಎಂದಾಗ ಗುಮಾಸ್ತ ನಗು ತಡೆಯಲು ಕೆಮ್ಮಿದ. ಆಮೇಲೆ ಕಟಕಟೆಗೆ ಬಂದ ತುತ್ತೂರಿಗೆ ವಕೀಲೆ ಕೇಳಿದ್ದು ಒಂದೇ ಪ್ರಶ್ನೆ.

“ನಿಮ್ಮದೇ ಆಗಿದ್ರೆ, ನಾಳೆ ತಂದ್ಕೊಡ್ತೀನಿ ಅಂತ ಯಾಕಂದ್ರಿ?”

ತುತ್ತೂರಿ ತನ್ನ ವಕೀಲನ ಕಡೆ ತಿರುಗಿದ. ನ್ಯಾಯಾಧೀಶರು ಕನ್ನಡಕ ತೆಗೆದು, ಊಟದ ವಿರಾಮದ ನಂತರ ಮುಂದುವರಿಸೋಣ, ಅಷ್ಟರಲ್ಲಿ ರಾಜಿಯಾಗುವುದಾದರೆ ನೋಡಿ ಎಂದರು.

ಮೊಗಸಾಲೆಯ ಬೆಂಚಿನ ಬಳಿ ಅವನು ತಾನೇ ಬಂದು ನಿಂತ. ಕೈ ಅಡ್ಡ ಹಿಡಿದು, ಬಾಯಿಂದ ಹಲ್ಲಿನ ಕಟ್ಟು ತೆಗೆದು ತೋರಿಸಿದ. ಮುಂದಿನ ಹಲ್ಲೊಂದೂ ಇರಲಿಲ್ಲ. “ಊದೋಕಾಗಲ್ಲಕ್ಕ. ಗಾಳಿಯೆಲ್ಲ ಸೋರಿಹೋಗುತ್ತೆ. ಬ್ಯಾಂಡಿಂದ ಬಿಡಿಸಿಬಿಡ್ತಾರೆ ಅಂತ ಭಯ ಆಯ್ತು.”

“ನನಗೆ ಹೇಳ್ಬೋದಿತ್ತಲ್ಲೋ.”

“ನಾಚಿಕೆ ಆಯ್ತು.”

“ನನ್ನ ವಸ್ತು ನುಂಗೋಕೆ ಆಗ್ಲಿಲ್ವಾ ನಾಚಿಕೆ?”

ಅವನು ಹಲ್ಲಿನ ಕಟ್ಟನ್ನು ಮತ್ತೆ ಬಾಯಿಗೆ ಹಾಕಿಕೊಂಡ. ಅವಳಿಗೆ ಕನಿಕರ ಬಂದದ್ದು ನಿಜ. ಆದರೂ ದಾವೆ ಹಿಂದಕ್ಕೆ ಪಡೆಯುತ್ತೇನೆ ಎನ್ನಲಿಲ್ಲ. ಬಾಯಿಮಾತಿನ ಸುಖ ಒಮ್ಮೆ ಉಂಡಾಗಿತ್ತು. ವಾದ್ಯ ಅವಳದೇ ಎಂದು ರಾಜಿಪತ್ರ ಬರೆಸಿ, ನ್ಯಾಯಾಧೀಶರ ಮುಂದೆ ಅವನಿಂದ ಸಹಿ ಹಾಕಿಸಿದ ಮೇಲೆಯೇ ಎದ್ದಳು. ಅದೇ ಸಂಜೆ ಅಕಾರ್ಡಿಯನ್ ಮನೆಗೆ ಬಂತು. ಯಜಮಾನರು ವಾರ್ತೆ ನಿಲ್ಲಿಸಿ ಪಕ್ಕದಲ್ಲಿ ಕೂತರು.

ಮಣಿಕಟ್ಟು ಮೊದಲಿನಂತೆ ಬಾಗುತ್ತಿರಲಿಲ್ಲ. ಚುರುಕಿನ ಹಾಡುಗಳನ್ನು ಅವಳು ನಿಧಾನಕ್ಕೆ ನುಡಿಸಿದಳು, ಜನ ಅದಕ್ಕೂ ಕುಣಿದರು. ಬ್ಯಾಂಡಿನವರು ತುತ್ತೂರಿಯ ಕೈಗೆ ಡ್ರಮ್ಮು ಕೊಟ್ಟರು. ಕೊಡಿ ಎಂದು ಹೇಳಿದವಳು ಕತ್ತರಿಯಕ್ಕನೇ ಎಂದು ಅವನಿಗೆ ಯಾರೂ ಹೇಳಲಿಲ್ಲ. ಮೊದಲ ಮದುವೆ ಮುಗಿದು ಎಲ್ಲರೂ ಸಾಮಾನು ಕಟ್ಟುತ್ತಿದ್ದಾಗ ಅವನು ಅವಳ ಪೆಟ್ಟಿಗೆಗೆ ಕೈ ಚಾಚಿ, “ಭಾರ ಇದೆಯಕ್ಕ, ವ್ಯಾನಿಗೆ ನಾನು ಇಟ್ಬಿಡ್ಲಾ” ಎಂದ.

“ಬೇಡ” ಎಂದಳು ಅವಳು, ಎಡಗೈಯಲ್ಲಿ ಪೆಟ್ಟಿಗೆ ಎತ್ತಿಕೊಳ್ಳುತ್ತ. “ನೀನು ವ್ಯಾನಿನ ಬಾಗಿಲು ತೆಗಿ.”