ಎಡಕ್ಕೆ ಸರಿದ ಬಿಂದು

"ನೂರು ವ್ಯಾಟಾ? ಅಕ್ಕಾ, ಇದರ ಬೆನ್ನ ಮೇಲೆ ಸಾವಿರ ಅಂತ ಬರ್ದಿದೆ ನೋಡಿ!" ಟೈಲರ್ ಅವಳ ಅಂಗಡಿಗೆ ರಿಪೇರಿಗೆ ತಂದಿದ್ದ ತನ್ನ ಇಸ್ತ್ರಿಪೆಟ್ಟಿಗೆಯನ್ನು ತಿರುಗಿಸಿ ತೋರಿಸಿ ನಕ್ಕ. "ನಿಮ್ಮ ಲೆಕ್ಕದಲ್ಲಿ ಇಸ್ತ್ರಿ ಮಾಡಿದ್ರೆ ಒಂದು ಅಂಗಿಗೆ ಒಂದು ವಾರ ಬೇಕು."

ಮೋಟಾರಕ್ಕ ನಗಲಿಲ್ಲ. ಹೊಲಿಗೆ ಯಂತ್ರದ ಮೋಟಾರುಗಳನ್ನು ರಿಪೇರಿ ಮಾಡುತ್ತ ಇಪ್ಪತ್ತೆಂಟು ವರ್ಷ ಕಳೆದವಳು ಅವಳು. ಲೆಕ್ಕ ತಪ್ಪಿದೆಯೆಂದು ಈವರೆಗೆ ಯಾರೂ ಬೆರಳು ತೋರಿಸಿರಲಿಲ್ಲ. ರಟ್ಟಿನ ಚೂರಿನ ಮೇಲೆ ಬರೆದದ್ದನ್ನು ಮತ್ತೆ ಓದಿದಳು. ವೋಲ್ಟೇಜು ಇನ್ನೂರ ಮೂವತ್ತು. ಕರೆಂಟು ಸೊನ್ನೆ ಪಾಯಿಂಟ್ ನಾಲ್ಕು ಮೂರು. ಗುಣಿಸಿದರೆ ನೂರು ವ್ಯಾಟಿಗೆ ಒಂದು ಕಡಿಮೆ. ಭಾಗಿಸಿದರೆ ರೋಧ ಐನೂರ ಮೂವತ್ತೈದು ಓಮ್. ಎರಡೂ ಸರಿಯಾಗಿಯೇ ಇದ್ದವು. ಪ್ಲಗ್ಗು ಕಿತ್ತು, ಇನ್ನೊಂದು ಮೀಟರಿನ ಕಡ್ಡಿಗಳನ್ನು ಅದರ ಪಿನ್ನುಗಳಿಗೆ ಮುಟ್ಟಿಸಿ ರೋಧವನ್ನೇ ನೇರವಾಗಿ ಅಳೆದಳು. ಐವತ್ಮೂರು ಬಂತು.

ತಂತಿಯನ್ನು ಬಾಯಿಯೊಳಗೆ ಹಾಯಿಸಿ ಕರೆಂಟು ಅಳೆಯುವ, ಇಕ್ಕಳದಂಥ ಮೀಟರು ಮೇಜಿನ ಮೇಲೆಯೇ ಇತ್ತು. ಹೊಲಿಗೆ ಮೋಟಾರು ಎಳೆಯುವ ಕರೆಂಟು ತೀರಾ ಅಲ್ಪ. ಒಂದೇ ಎಳೆ ಹಾಯಿಸಿದರೆ ಅಂಕಿ ನಿಲ್ಲುವುದಿಲ್ಲ. ಅದಕ್ಕೇ ಅವಳು ತಂತಿಯನ್ನು ಹತ್ತು ಸುತ್ತು ಸುತ್ತಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸುತ್ತಿದ್ದಳು. ಈಗೀಗ ಭಾಗಿಸುವ ಯೋಚನೆಯೂ ಬೇಕಿರಲಿಲ್ಲ, ಕೈಯೇ ದಶಮಾಂಶದ ಬಿಂದುವನ್ನು ಒಂದು ಸ್ಥಾನ ಎಡಕ್ಕೆ ಇಡುತ್ತಿತ್ತು. ಇಸ್ತ್ರಿಪೆಟ್ಟಿಗೆಯ ದಪ್ಪ ತಂತಿ ಸುತ್ತಲು ಬಗ್ಗಲಿಲ್ಲವೆಂದು ಒಂದೇ ಎಳೆ ಹಾಯಿಸಿದ್ದಳು. ಬಿಂದು ಮಾತ್ರ ಎಡಕ್ಕೇ ಹೋಗಿ ಕೂತಿತ್ತು.

"ಇಷ್ಟೇ ತಾನೇ, ಬಿಡಿ ಅಕ್ಕಾ" ಎಂದ ಟೈಲರ್.

ಅವಳಿಗೆ ನಿನ್ನೆ ಸಂಜೆ ಮನೆಯಲ್ಲಿ ಅಳೆದ ಹೀಟರು ನೆನಪಾಯಿತು.

ಗಂಡ ಬಸ್ ಕಂಡಕ್ಟರ್. ಮೆಟ್ಟಿಲಿನಿಂದ ಬಿದ್ದು ಸೊಂಟದ ಮೂಳೆ ಮುರಿದು ತಿಂಗಳಿನಿಂದ ಮಲಗಿದ್ದ; ಮಗ್ಗುಲು ಬದಲಿಸಲೂ ಅವಳೇ ಬೇಕು. ಚಳಿ ತಡೆಯಲಾಗದೆಂದು ಹಳೆಯದೊಂದು ಹೀಟರು ತಂದಿದ್ದಳು. ಅದರ ವ್ಯಾಟ್ ಬರೆದ ಚೀಟಿ ಅಳಿಸಿಹೋಗಿತ್ತು. ಅದರ ತಂತಿಯೂ ಬಗ್ಗದೆ ಒಂದೇ ಎಳೆ ಹಾಯಿಸಿದ್ದಳು. ಮೀಟರು ತೋರಿಸಿದ್ದು ಎಂಟು ಪಾಯಿಂಟ್ ಏಳು. ಅವಳು ಬರೆದದ್ದು ಸೊನ್ನೆ ಪಾಯಿಂಟ್ ಎಂಟು ಏಳು. "ಇನ್ನೂರೇ ವ್ಯಾಟ್ ರೀ, ಎರಡು ಹೊಲಿಗೆ ಮಿಷನ್ ಅಷ್ಟೆ. ದಿನವಿಡೀ ಉರೀಲಿ ಬಿಡಿ" ಎಂದು ಜಂಬದಿಂದ ಹೇಳಿ, ಮೋಟಾರಿಗೆ ಹಾಕುವ ಸಣ್ಣ ತಂತಿಯಲ್ಲೇ ಸ್ವಿಚ್ಚಿಗೆ ಜೋಡಿಸಿದ್ದಳು. ಉಳಿದ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಿ ಅವನ ಹಾಸಿಗೆಯ ಕೆಳಗೆ ತುರುಕಿದ್ದಳು.

ಎರಡು ಸಾವಿರ ವ್ಯಾಟ್. ಆ ತಂತಿ ತಡೆಯುವುದು ಮೂರು ಆಂಪಿಯರ್. ಮನೆಯ ಫ್ಯೂಸು ಹದಿನೈದರದ್ದು, ಒಂಬತ್ತಕ್ಕೆಲ್ಲ ಹಾರುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಸ್ವಿಚ್ ಹಾಕಿ, ಹೊರಗಿನಿಂದ ಬೀಗ ಜಡಿದು ಬಂದಿದ್ದಳು. ಈಗ ಹನ್ನೆರಡೂವರೆ.

ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

"ನಿನ್ನ ಸ್ಕೂಟರ್ ತೆಗಿ!" ಎಂದಳು ಟೈಲರಿಗೆ. ಅವಳ ಮುಖ ನೋಡಿದವನೇ ಅವನು ಸ್ಕೂಟರಿಗೆ ಕಿಕ್ ಹೊಡೆದ.

ದಾರಿಯುದ್ದಕ್ಕೂ ಫೋನು ಕಿವಿಗೇ ಇತ್ತು. ತಿರುವಿನಲ್ಲಿ ಯಾರೋ ಕಸಕ್ಕೆ ಬೆಂಕಿ ಹಾಕಿದ್ದರು. ಹೊಗೆ ಕಂಡದ್ದೇ ಅವಳ ಬಾಯಿಯಿಂದ ಸ್ವರ ಹೊರಟಿತು, ಮಾತಾಗಲಿಲ್ಲ. ದಪ್ಪ ತಂತಿಯೆಂದರೆ ಹೆಚ್ಚು ಕರೆಂಟು ಎಂದು ಅದು ಕಂಡಾಗಲಾದರೂ ಹೊಳೆಯಬೇಕಿತ್ತು. ಯಾಕೆ ಹೊಳೆಯಲಿಲ್ಲ? ಬೀಗದ ಮುಂದೆ ಅವಳು ಕೀಲಿಯನ್ನು ತಲೆಕೆಳಗಾಗಿ ತೂರಿಸುತ್ತಿದ್ದಳು; ಟೈಲರೇ ಅದನ್ನು ಕಿತ್ತುಕೊಂಡು ತಿರುಗಿಸಿದ.

ಒಳಗೆ ಸುಟ್ಟ ಪ್ಲಾಸ್ಟಿಕ್ಕಿನ ಘಾಟು. ಅವಳು ಗಂಡನ ಮುಖ ಕೂಡ ನೋಡದೆ ಸ್ವಿಚ್ಚಿಗೆ ಕೈ ಹಾಕಿ ಆರಿಸಿದಳು. ಅದು ಬಿಸಿಯಾಗಿತ್ತು. ಟೈಲರ್ ಮಂಚವನ್ನು ಎಳೆದ. ಸುತ್ತಿಟ್ಟ ತಂತಿ ಕರಗಿ ಒಂದೇ ಮುದ್ದೆಯಾಗಿತ್ತು. ಹಾಸಿಗೆಯ ತಳದಲ್ಲಿ ಅಂಗೈಯಗಲ ಕಪ್ಪಾಗಿತ್ತು.

"ಇದೇನೇ, ಇಷ್ಟು ಬೇಗ ಬಂದೆ?" ಎಂದ ಗಂಡ. "ಫೋನು ಕೆಳಗೆ ಬಿದ್ದೋಯ್ತು, ಹೊಡ್ಕೊಳ್ತಾನೇ ಇತ್ತು. ಡಿಪೋದವರು ಡ್ಯೂಟಿಗೆ ಕರೀತಿದ್ದಾರೇನೋ, ಹೊಡ್ಕೊಳ್ಳಲಿ ಅಂದ್ಕೊಂಡೆ."

"ವಾಸನೆ ಬರ್ಲಿಲ್ವಾ ನಿಮಗೆ?"

"ಬಂತು. ಹತ್ತು ಗಂಟೆಯಿಂದಾನೇ ಬರ್ತಿದೆ."

"ಕೂಗಬಾರದಾಗಿತ್ತಾ? ಪಕ್ಕದ ಮನೆಯವರಿಗಾದ್ರೂ ಕೇಳ್ತಿತ್ತು!"

"ಕೂಗೋದ್ಯಾಕೆ? ಹೊರಗೆಲ್ಲೋ ಏನೋ ಸುಡ್ತಿದಾರೆ ಅಂದ್ಕೊಂಡೆ. ನಮ್ಮನೇದು ನೀನು ಹಾಕಿದ ವೈರಲ್ವಾ."

ಟೈಲರ್ ಮೆಲ್ಲನೆ ಹೊರಗೆ ಹೋದ. ಅವಳು ನೆಲದ ಮೇಲೆ ಕುಸಿದು ಕೂತು, ಬಿಕ್ಕುತ್ತ, ಎಲ್ಲ ಹೇಳಿದಳು. ಒಂದೇ ಎಳೆ, ಎಂಟು ಪಾಯಿಂಟ್ ಏಳು, ಎಡಕ್ಕೆ ಇಟ್ಟ ಬಿಂದು. "ಹತ್ತು ಪಟ್ಟು ತಪ್ಪಿದೆ ರೀ. ನಿಮ್ಮನ್ನ ಒಳಗೆ ಹಾಕಿ ಬೀಗಾನೂ ಹಾಕಿದ್ದೆ."

ಅವನು ಕಷ್ಟಪಟ್ಟು ಕತ್ತು ಹೊರಳಿಸಿ ಹಾಸಿಗೆಯ ಅಂಚಿನಿಂದ ಕೆಳಗೆ ನೋಡಿದ. ಸೊಂಟ ಅಲುಗಬಾರದೆಂಬುದು ಮರೆತವನಂತೆ ಎರಡೂ ಕೈಗಳಿಂದ ಮಂಚದ ಪಟ್ಟಿ ಹಿಡಿದುಕೊಂಡಿದ್ದ.

"ಚಳಿಯಾಗ್ತಿದೆಯಾ?" ಎಂದು ಅವಳು ಕಂಬಳಿಯನ್ನು ಅವನ ಕುತ್ತಿಗೆಯವರೆಗೆ ಎಳೆದಳು.

ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ, ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳದಿದ್ದುದನ್ನು ಕೇಳಿದ:

"ಸ್ವಿಚ್ ಆಫ್ ಮಾಡಿದ್ದೀಯಲ್ಲ? ಸರಿಯಾಗಿ ನೋಡಿದ್ಯಾ?"

"ಮಾಡಿದ್ದೀನಿ ರೀ."

ಆದರೂ ಅವಳು ಎದ್ದು ಹೋದಳು. ಆರಿಯೇ ಇದ್ದ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಅವನಿಗೆ ಕಾಣುವಂತೆ ಪಕ್ಕಕ್ಕೆ ಸರಿದು, ಆಫ್ ಕಡೆಗೇ ಇನ್ನೊಮ್ಮೆ ಒತ್ತಿ ಹಿಡಿದುಕೊಂಡು ನಿಂತಳು.