ಇಲ್ಲಿ ಕಂಡದ್ದು ಇಲ್ಲೇ

ಮನೆಯಲ್ಲಿ ಅವಳನ್ನು ಬುಗುರಿ ಎನ್ನುತ್ತಿದ್ದರು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹುಡುಗಿ. ನರ್ಸಿಂಗ್ ಓದು ಮುಗಿದದ್ದೇ ತಡ, ಗುರುತು ಪರಿಚಯವಿಲ್ಲದ ದೇಶಕ್ಕೆ ಸ್ವಯಂಸೇವೆ ಮಾಡುತ್ತೇನೆಂದು ಹಾರಿದಳು. ಅಲ್ಲಿ ಅವಳ ಪಾಲಿಗೆ ಬಂದ ಕೆಲಸವಾದರೋ, ಬೆಳಗಿನಿಂದ ಸಂಜೆಯವರೆಗೆ ಒಂದೇ ಸ್ಟೂಲಿನ ಮೇಲೆ ಕೂತು ಬಂದವರ ಬಿ.ಪಿ. ನೋಡುವುದು. ಅವಳನ್ನು ಬಲ್ಲವರು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕ್ಲಿನಿಕ್ಕೆಂದರೆ ಒಂದು ಉದ್ದನೆಯ ಕೋಣೆ, ನಡುವೆ ಹಸಿರು ಪರದೆ, ಹೊರಗೆ ಕಾಲು ಅಲುಗಾಡುವ ಬೆಂಚುಗಳು. ಮೊದಲ ದಿನವೇ ಹಿರಿಯ ನರ್ಸು ಖಡಾಖಂಡಿತವಾಗಿ ಹೇಳಿದ್ದಳು: “ಇಲ್ಲಿ ಕಂಡದ್ದು ಇಲ್ಲೇ. ಯಾರ ಹತ್ರ ಬಾಯಿಬಿಟ್ರೂ ಮಾರನೇ ದಿನದಿಂದ ಬರೋದು ಬೇಡ.” ಅದೇನು ಮಹಾ ಎಂದುಕೊಂಡು ಬುಗುರಿ ತಲೆಯಾಡಿಸಿದ್ದಳು.

ಅವಳು ಉಳಿದುಕೊಂಡದ್ದು ಅಲ್ಲೇ ಹತ್ತಿರದ ಬೀದಿಯಲ್ಲಿ, ಒಬ್ಬ ಬಸ್ ಡ್ರೈವರನ ಮನೆಯಲ್ಲಿ. ಡ್ರೈವರ್, ಅವನ ಹೆಂಡತಿ, ಹೆರಿಗೆಗೆಂದು ಬಂದಿದ್ದ ತುಂಬು ಬಸುರಿ ಮಗಳು. ಬುಗುರಿ ಮನೆಯೊಡತಿಯನ್ನು ದೊಡ್ಡಮ್ಮ ಎಂದು ಕರೆದಳು. ಅದರ ಅರ್ಥ ಕೇಳಿದ ಆಕೆ, “ಅಷ್ಟು ವಯಸ್ಸಾದಂಗೆ ಕಾಣ್ತೀನಾ?” ಎಂದು ಮುಖ ಊದಿಸಿಕೊಂಡು, ಮಾರನೆಯ ದಿನದಿಂದ ಆ ಹೆಸರಿಗೇ ಓಗೊಡತೊಡಗಿದಳು. ಡ್ರೈವರ್ ತಾನಾಗಿಯೇ ದೊಡ್ಡಪ್ಪನಾದ, ಮಗಳು ಅಕ್ಕನಾದಳು.

ಒಬ್ಬರು ಸೀನಿದರೆ ಮಿಕ್ಕವರೆಲ್ಲ ಎದ್ದು ನಿಲ್ಲುವ ಮನೆ ಅದು. ಬಂದ ಹೊಸದರಲ್ಲಿ ಬುಗುರಿಗೆ ಮೈ ಬೆಚ್ಚಗಾದದ್ದೇ ನೆಪ, ದೊಡ್ಡಪ್ಪ ಬಸ್ಸನ್ನು ಬದಲಿ ಡ್ರೈವರನಿಗೆ ಒಪ್ಪಿಸಿ ಓಡಿಬಂದಿದ್ದ. ಅಕ್ಕ ಆ ಹೊಟ್ಟೆ ಹೊತ್ತುಕೊಂಡೇ ಹಾಸಿಗೆಯ ಪಕ್ಕ ಕೂತಿದ್ದಳು. ದೊಡ್ಡಮ್ಮನಂತೂ ಅವಳ ಹಣೆಯಿಂದ ಕೈ ತೆಗೆದಿರಲಿಲ್ಲ. ದೊಡ್ಡಮ್ಮನಿಗೆ ಮಾತ್ರ ಎಂದೂ ಏನೂ ಆಗುವುದಿಲ್ಲ ಎಂದು ಮನೆಯವರೆಲ್ಲ ಆರಾಮಾಗಿ ನಂಬಿಕೊಂಡಿದ್ದರು. ನಮ್ಮೆಲ್ಲರ ಮನೆಗಳಲ್ಲೂ ಇಂಥ ಒಬ್ಬಳಿರುತ್ತಾಳೆ, ನಾವೂ ಹಾಗೆಯೇ ನಂಬಿರುತ್ತೇವೆ.

ಅವತ್ತು ಬುಗುರಿಗೆ ರಜೆ. ಪೇಟೆ ಸುತ್ತಿ ಬರುತ್ತೇನೆಂದು ಹೊರಟವಳು ಪೇಟೆಯಲ್ಲೂ ಬೇಜಾರಾಗಿ ಕ್ಲಿನಿಕ್ಕಿಗೇ ಹೋಗಿ ಸ್ಟೂಲು ಹತ್ತಿದಳು. “ಮುಂದಿನವರು” ಎಂದು ಕರೆದರೆ ಎದುರಿಗೆ ಬಂದವಳು ದೊಡ್ಡಮ್ಮ! ಒಬ್ಬಳು ತೋಳು ಚಾಚಿದಳು, ಇನ್ನೊಬ್ಬಳು ಬಿ.ಪಿ. ಪಟ್ಟಿ ಸುತ್ತಿದಳು. ಸ್ವಲ್ಪ ಹೊತ್ತಿಗೆ ಪರದೆಯಾಚೆಯಿಂದ ಡಾಕ್ಟರ ದನಿ ಕೇಳಿಸಿತು.

“ಎದೇಲಿ ಗಂಟಿದೆಯಮ್ಮ. ಏನು ಅಂತ ಇಲ್ಲಿ ಹೇಳೋಕಾಗಲ್ಲ. ದೊಡ್ಡಾಸ್ಪತ್ರೇಲಿ ಪರೀಕ್ಷೆ ಆಗ್ಬೇಕು. ಶುಕ್ರವಾರ ಬೆಳಗ್ಗೆ ಬರ್ತಾರೆ ಅಂತ ಹೇಳಿಡ್ತೀನಿ, ತಪ್ಪಿಸ್ಬೇಡಿ.”

ಸಂಜೆ ಊಟಕ್ಕೆ ಕೂತಾಗ ಅಕ್ಕ ಕೇಳಿದಳು, “ಪೇಟೇಲಿ ಏನೇನು ನೋಡ್ದೆ?”

“ಏನೂ ಇಲ್ಲ” ಎಂದಳು ಬುಗುರಿ. ದೊಡ್ಡಮ್ಮ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ಪ್ರೀತಿಯೋ ಲಂಚವೋ ತಿಳಿಯದೆ ಬುಗುರಿ ಅದನ್ನು ನುಂಗಿದಳು.

ಮಾರನೆಯ ದಿನ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಅವಳು ಮೆಲ್ಲಗೆ ಮಾತು ತೆಗೆದಳು.

“ಶುಕ್ರವಾರ ಹೋಗ್ತೀರಲ್ವಾ ದೊಡ್ಡಮ್ಮ?”

“ಮಗಳ ಹೆರಿಗೆ ಆಗ್ಲಿ, ನೋಡೋಣ. ಈಗ ಗೊತ್ತಾದ್ರೆ ಅವಳು ಎದೆ ಒಡ್ಕೋತಾಳೆ. ಗಂಟು ಎಲ್ಲಿಗೂ ಓಡಿಹೋಗಲ್ಲ.”

“ಓಡಿಹೋಗಲ್ಲ, ಬೆಳೆದುಬಿಟ್ರೆ?”

“ಬಿಡ್ತು ಅನ್ನು!” ಎಂದು ದೊಡ್ಡಮ್ಮ ಒದ್ದೆ ಟವೆಲನ್ನು ಪಟಾರನೆ ಕೊಡವಿದಳು. “ಒಂದು ಮಾತು ಹೊರಗೆ ಬಿದ್ರೆ ನಿನ್ನ ಮುಖ ನೋಡಲ್ಲ.”

ಬುಗುರಿಗೆ ಭಯವಾಯಿತು, ಸಿಟ್ಟೂ ಬಂತು. ಕ್ಲಿನಿಕ್ಕಿನಲ್ಲಿ ಒಬ್ಬರ ಬಿ.ಪಿ.ಯನ್ನೇ ಮತ್ತೆ ಮತ್ತೆ ನೋಡಿ ಬೈಸಿಕೊಂಡಳು. ಸಂಜೆ ಬೀದಿಯ ಈ ತುದಿಯಿಂದ ಆ ತುದಿಗೆ ಸುಮ್ಮನೆ ಅಲೆದಳು. ದೊಡ್ಡಪ್ಪ ಎದುರಿಗೆ ಕೂತು ಬಸ್ಸಿನ ಪ್ರಯಾಣಿಕರ ಕಥೆ ಹೇಳಿ ನಗಿಸುವಾಗಲೆಲ್ಲ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಕೊನೆಗೆ ತಡೆಯಲಾರದೆ ಹಿರಿಯ ನರ್ಸನ್ನೇ ಕೇಳಿದಳು.

“ಅವರ ಮನೆಯವರಿಗೆ ಹೇಳಿಬಿಡ್ಲಾ ಸಿಸ್ಟರ್?”

“ಕೂಡದು. ಅವರ ಮೈ, ಅವರ ಮಾತು. ಹೇಳೋದಿದ್ರೆ ಅವರಿಗೇ ಹೇಳ್ತಾ ಇರು.”

ಹೇಳಿ ಹೇಳಿ ಬುಗುರಿಯ ಬಾಯಿ ನೋಯಿತೇ ಹೊರತು ದೊಡ್ಡಮ್ಮ ಜಪ್ಪಯ್ಯ ಅನ್ನಲಿಲ್ಲ. ಶುಕ್ರವಾರ ಬೆಳಗಾಯಿತು. ದೊಡ್ಡಪ್ಪ ಕೆಲಸಕ್ಕೆ ಹೋದ, ಅಕ್ಕ ಇನ್ನೂ ಮಲಗಿದ್ದಳು. ದೊಡ್ಡಮ್ಮ ಮನೆಯ ಕಿಟಕಿ ಪರದೆಗಳನ್ನೆಲ್ಲ ಕಳಚಿ ನೆನೆಹಾಕಿ ಒಗೆಯಲು ಕೂತಳು. ಇದನ್ನು ಕಂಡದ್ದೇ ಬುಗುರಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು.

“ಅಯ್ಯೋ ಅಮ್ಮಾ! ಕ್ಲಿನಿಕ್ಕು ಬೇಡ ದೊಡ್ಡಮ್ಮ, ದೊಡ್ಡಾಸ್ಪತ್ರೆ!”

ಶಾಲೆಯ ನಾಟಕದಲ್ಲಿ ಅವಳಿಗೆ ಮರದ ಪಾತ್ರವೂ ಸಿಕ್ಕಿರಲಿಲ್ಲ. ಆದರೂ ದೊಡ್ಡಮ್ಮ ಕೈಯ ಸೋಪಿನ ನೊರೆಯನ್ನೂ ಒರೆಸಿಕೊಳ್ಳದೆ ಟ್ಯಾಕ್ಸಿ ಕರೆಸಿದಳು. ದಾರಿಯುದ್ದಕ್ಕೂ ಬುಗುರಿ ಕಣ್ಣು ಮುಚ್ಚಿ ನರಳಿದ್ದೇ ನರಳಿದ್ದು.

ಆಸ್ಪತ್ರೆ ಸೇರಿದ ಮೇಲೆ ಅವಳು ಕೌಂಟರಿನಲ್ಲಿ ಏನೋ ಪಿಸುಗುಟ್ಟಿ, ದೊಡ್ಡಮ್ಮನ ಕೈ ಹಿಡಿದು ಒಂದು ಬಾಗಿಲ ಮುಂದಿನ ಬೆಂಚಿಗೆ ಕರೆತಂದು ನೆಟ್ಟಗೆ ನಿಂತಳು.

“ನನಗೇನೂ ಆಗಿಲ್ಲ. ನಿಮ್ಮ ಪರೀಕ್ಷೆ ಇದೇ ಕೋಣೇಲಿ. ಈಗ ಕರೀತಾರೆ.”

ದೊಡ್ಡಮ್ಮನ ಮುಖ ಕೆಂಪಗಾಯಿತು. “ಕಳ್ಳಿ! ಜೀವ ಬಾಯಿಗೆ ಬಂದಿತ್ತಲ್ಲೇ ನನಗೆ!”

“ನನಗೆ ಅವತ್ತಿಂದ ಹಾಗೇ ಇದೆ.”

ದೊಡ್ಡಮ್ಮ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ಅಷ್ಟರಲ್ಲಿ ಮೊಗಸಾಲೆಯ ಆ ತುದಿಯಿಂದ ಡ್ರೈವರ್ ಸಮವಸ್ತ್ರದಲ್ಲೇ ದೊಡ್ಡಪ್ಪ ಓಡಿಬಂದ. ಅವನ ಹಿಂದೆ ಸೊಂಟಕ್ಕೆ ಕೈ ಕೊಟ್ಟುಕೊಂಡು, ಏದುಸಿರು ಬಿಡುತ್ತ ಅಕ್ಕ. ಟ್ಯಾಕ್ಸಿಯಲ್ಲಿ ದೊಡ್ಡಮ್ಮ ಇಬ್ಬರಿಗೂ ಫೋನ್ ಮಾಡಿದ್ದು ನರಳುವ ಗಡಿಬಿಡಿಯಲ್ಲಿ ಬುಗುರಿಯ ಕಿವಿಗೆ ಬಿದ್ದಿರಲಿಲ್ಲ. ಅದು ಎಂಥ ಮನೆ ಎಂಬುದನ್ನೇ ಅವಳು ಮರೆತಿದ್ದಳು.

“ಏನಾಯ್ತು? ಎಲ್ಲಿ ನೋವು? ಡಾಕ್ಟರ್ ಏನಂದ್ರು?”

ಬುಗುರಿ ಬಾಯಿ ತೆರೆದಳು. ಮತ್ತೆ ಹೊಟ್ಟೆ ಹಿಡಿದುಕೊಂಡರೆ ದೊಡ್ಡಮ್ಮ ಪಾರು. ನಿಜ ಹೇಳಿದರೆ ಮಾತು ಮುರಿದಂತೆ. ಎರಡೂ ಆಗದೆ ಬಾಯಿ ಮುಚ್ಚಿ ನೆಲ ನೋಡುತ್ತ ನಿಂತಳು. ಜೀವನದಲ್ಲಿ ಮೊದಲ ಸಲ ಅವಳ ಕಾಲು ಅಲ್ಲಾಡಲಿಲ್ಲ.

ಅಕ್ಕ ಅವಳನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಕಷ್ಟಪಟ್ಟು ಪಕ್ಕದಲ್ಲಿ ಕೂತು, ಹಣೆಯ ಮೇಲೆ ಅಂಗೈ ಇಟ್ಟಳು. ಥೇಟು ತಾಯಿ ಇಡುವ ಹಾಗೆ. ದೊಡ್ಡಮ್ಮ ಅದನ್ನೇ ನೋಡುತ್ತ ನಿಂತುಬಿಟ್ಟಳು.

ಬಾಗಿಲು ತೆರೆದು ನರ್ಸೊಬ್ಬಳು ಇಣುಕಿದಳು. “ಮುಂದಿನವರು?”

ದೊಡ್ಡಪ್ಪ ಬುಗುರಿಯ ತೋಳು ಹಿಡಿದು ಎಬ್ಬಿಸಲು ಹೋದ.

“ಅವಳನ್ನ ಬಿಡ್ರೀ” ಎಂದಳು ದೊಡ್ಡಮ್ಮ. ಕೈಯಲ್ಲಿದ್ದ ಚೀಲವನ್ನು ಮಗಳ ಮಡಿಲಲ್ಲಿಟ್ಟಳು. “ಹುಷಾರಿಲ್ಲದೆ ಇರೋದು ನನಗೆ.”